ಹೊಸ ದೂರದರ್ಶನವೂ ಹಳೆಯ ಯಂತ್ರಗಳೂ

ಕಲಾಶಾಖೆಯ ವಿದ್ಯಾರ್ಥಿಗೆ ತಂತಿ-ಪಿನ್ನುಗಳ ಗೊಡವೆ ಏಕೆ, ಅದು ವಿಜ್ಞಾನ ಓದುವವರ ಪಾಲಿಗೆ ಬಿಟ್ಟ ವಿಷಯವಲ್ಲವೆ ಎಂದು ಸಹಪಾಠಿಗಳಲ್ಲಿ ಕೆಲವರಾದರೂ ಕೇಳಬಹುದು. ಕೇಳುವುದು ಸಹಜವೇ. ಆದರೆ ಯಂತ್ರಗಳು ಪ್ರಯೋಗಶಾಲೆಯನ್ನು ಬಿಟ್ಟು ನಮ್ಮ ನಡುಮನೆಗೆ ಬಂದು ಕುಳಿತು ಬಹಳ ಕಾಲವಾಯಿತು. ಅವುಗಳ ನಡೆಯನ್ನು ಅರಿಯದವನು ತನ್ನ ಮನೆಯಲ್ಲಿಯೇ ಪರಸ್ಥಳದವನಂತೆ ಇರಬೇಕಾಗುತ್ತದೆ. ಅಂಗಡಿಯವನು ಹೇಳಿದ್ದೇ ವೇದವಾಕ್ಯವಾಗುತ್ತದೆ. ಹೊಸ ದೂರದರ್ಶನವೊಂದನ್ನು ಕೊಂಡಾಗ ಮನೆಯಲ್ಲಿ ಮೊದಲೇ ಇರುವ ಹಲವು ಯಂತ್ರಗಳನ್ನು ಅದಕ್ಕೆ ಜೋಡಿಸುವುದು ಹೇಗೆ ಎಂಬುದನ್ನು ಇಲ್ಲಿ ತಿಳಿದಮಟ್ಟಿಗೆ ನಿರೂಪಿಸಲು ಯತ್ನಿಸುತ್ತೇನೆ. ಇದಕ್ಕೆ ಗಣಿತ ಬೇಕಿಲ್ಲ. ತಾಳ್ಮೆಯೂ ಒಂದು ಹಾಳೆ ಕಾಗದವೂ ಸಾಕು.

ಸಾಕೆಟ್ಟುಗಳ ಇತಿಹಾಸ

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರ ಆರಂಭವಾದುದು ದೆಹಲಿಯಲ್ಲಿ, ೧೯೫೯ರ ಸೆಪ್ಟೆಂಬರ್ ೧೫ರಂದು. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ಕಾರ್ಯಕ್ರಮಗಳನ್ನು ತೋರಿಸುವ ದೊಡ್ಡ ಪ್ರಯೋಗ ನಡೆದಾಗ ನಮ್ಮ ಗುಲಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ೧೯೮೨ರಲ್ಲಿ ಬಣ್ಣದ ಪ್ರಸಾರ ಬಂದಿತು. ಆ ಕಾಲದಲ್ಲಿ ಮನೆಯ ಪೆಟ್ಟಿಗೆಗೆ ಜೋಡಿಸಬೇಕಾಗಿದ್ದುದು ಒಂದೇ ತಂತಿ, ಮಾಡಿನ ಮೇಲಿನ ಆಂಟೆನಾದಿಂದ ಇಳಿದದ್ದು. ಜೋಡಣೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಪ್ರಶ್ನೆ ಎದ್ದುದು ಬೇರೆ ಯಂತ್ರಗಳು ಬಂದಾಗ. ಜಪಾನಿನಲ್ಲಿ ೧೯೭೬ರಲ್ಲಿ ಹೊರಬಂದ ವಿ.ಎಚ್.ಎಸ್. ವಿಡಿಯೋ ಟೇಪು ಮುಂದೆ ನಮ್ಮ ಊರುಗಳಿಗೂ ಬಂದಿತು. ೧೯೯೬ರಲ್ಲಿ ಡಿ.ವಿ.ಡಿ. ಬಂದಿತು. ಚಿತ್ರ ಧ್ವನಿಗಳೆರಡನ್ನೂ ಒಂದೇ ತಂತಿಯಲ್ಲಿ ಅಂಕಿಗಳ ರೂಪದಲ್ಲಿ ಸಾಗಿಸುವ ಎಚ್.ಡಿ.ಎಂ.ಐ. ಎಂಬ ವ್ಯವಸ್ಥೆ ೨೦೦೨ರಲ್ಲಿ ರೂಪುಗೊಂಡಿತು. ಕೇಬಲ್ ಪ್ರಸಾರವನ್ನು ಡಿಜಿಟಲ್ ಮಾಡುವ ಕಾಯಿದೆಯಂತೆ ಬೆಂಗಳೂರು, ಮೈಸೂರುಗಳಿಗೆ ೨೦೧೩ರ ಮಾರ್ಚ್ ೩೧ರ ಗಡುವು ಬಿದ್ದು, ಸೆಟ್‌ಟಾಪ್ ಬಾಕ್ಸು ಅನಿವಾರ್ಯವಾಯಿತು. ಹೀಗೆ ಒಂದೊಂದು ಕಾಲವೂ ತನ್ನದೊಂದು ಸಾಕೆಟ್ಟನ್ನು ಬಿಟ್ಟುಹೋಗಿದೆ. ಅಕ್ಷರದ ಬಾಗು ಬಳುಕುಗಳನ್ನು ನೋಡಿ ಶಾಸನದ ಕಾಲವನ್ನು ಹೇಳುವಂತೆ, ಬೆನ್ನಿನ ಸಾಕೆಟ್ಟುಗಳನ್ನು ನೋಡಿ ಯಂತ್ರದ ಕಾಲವನ್ನು ಹೇಳಬಹುದು. ಹೊಸ ಟೀವಿಗಳ ತೊಡಕೆಂದರೆ ಹಳೆಯ ಲಿಪಿಗಳನ್ನು ಅವು ಒಂದೊಂದಾಗಿ ಮರೆಯುತ್ತಿವೆ.

ನಮ್ಮ ಮನೆಯ ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ನಮ್ಮ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ನಮ್ಮದು ಮಲೆನಾಡಿನ ಒಂದು ಸಾಧಾರಣ ಕುಟುಂಬ. ಕೊಂಡ ಟೀವಿಗೆ ಮೂರು ಎಚ್.ಡಿ.ಎಂ.ಐ. ಸಾಕೆಟ್ಟುಗಳು, ಹಳೆಯ ಯಂತ್ರಗಳಿಗೆಂದು ಒಂದು ಸಣ್ಣ ದುಂಡು ತೂತು, ಧ್ವನಿ ಹೊರಗೆ ಬರಲು ಒಂದು ಆಪ್ಟಿಕಲ್ ಸಾಕೆಟ್ಟು, ಕಿವಿಯ ಫೋನಿಗೆ ಒಂದು ತೂತು. ಇವಕ್ಕೆ ಜೋಡಿಸಬೇಕಾದ ಯಂತ್ರಗಳು ಐದು: ಸೆಟ್‌ಟಾಪ್ ಬಾಕ್ಸು, ತಮ್ಮನ ಆಟದ ಯಂತ್ರ, ಡಿ.ವಿ.ಡಿ. ಪ್ಲೇಯರ್, ವಿ.ಸಿ.ಆರ್., ಅಪ್ಪ ಕಾಲೇಜಿನಲ್ಲಿದ್ದಾಗ ಕೊಂಡ ಆಂಪ್ಲಿಫಯರು ಮತ್ತು ಅದರ ಎರಡು ಸ್ಪೀಕರುಗಳು. ಮೊದಲನೆಯ ಎರಡನ್ನು ಬಿಟ್ಟು ಉಳಿದುವನ್ನು ಗುಜರಿಗೆ ಹಾಕಿ ಹೊಸ ಸೌಂಡ್‌ಬಾರೊಂದನ್ನು ಕೊಳ್ಳಿ ಎಂಬುದು ಅಂಗಡಿಯವರೊಬ್ಬರ ಸಲಹೆ.

ಆ ಸಲಹೆಯನ್ನು ಒಪ್ಪಲಾಗದ ಕಾರಣವೊಂದಿತ್ತು. ನಮ್ಮ ಅಜ್ಜ ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದವರು. ೧೯೯೪ರಲ್ಲಿ ನಮ್ಮ ಊರ ದೇವಸ್ಥಾನದಲ್ಲಿ ನಡೆದ ಒಂದು ಕೂಟವನ್ನು ಯಾರೋ ವಿಡಿಯೋ ಮಾಡಿಸಿದ್ದರು. ಅಜ್ಜ ತೀರಿಕೊಂಡ ಮೇಲೆ ಅವರ ಧ್ವನಿ ಉಳಿದಿರುವುದು ಆ ಒಂದು ಟೇಪಿನಲ್ಲಿ ಮಾತ್ರ. ಅಜ್ಜಿಗೆ ಈಗ ಕಿವಿ ಮಂದ. ತೆಳ್ಳಗಿನ ಹೊಸ ಟೀವಿಯ ಪುಟ್ಟ ಸ್ಪೀಕರುಗಳಿಂದ ಬರುವ ಮಾತು ಅವರಿಗೆ ಸ್ಪಷ್ಟವಾಗುವುದಿಲ್ಲ. ಹಳೆಯ ದೊಡ್ಡ ಸ್ಪೀಕರುಗಳಲ್ಲಾದರೆ ತಿಳಿಯುತ್ತದೆ. ಆದುದರಿಂದ ವಿ.ಸಿ.ಆರ್. ಕೂಡ ಬೇಕಾಗಿತ್ತು, ಆಂಪ್ಲಿಫಯರು ಕೂಡ ಬೇಕಾಗಿತ್ತು.

ಮೊದಲು ಕಾಗದ, ಆಮೇಲೆ ತಂತಿ

ಯಾವ ಯಂತ್ರವನ್ನು ಜೋಡಿಸುವಾಗಲೂ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಸಂಕೇತ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ಸೇರಬೇಕು, ಯಾವ ರೂಪದಲ್ಲಿ ಹೋಗುತ್ತದೆ? 'ಔಟ್' ಎಂದು ಬರೆದ ಕಡೆಯಿಂದ 'ಇನ್' ಎಂದು ಬರೆದ ಕಡೆಗೆ ಹೋಗುವುದೇ ನಿಯಮ. ಔಟಿಗೆ ಔಟನ್ನು ಜೋಡಿಸಿದರೆ ಇಬ್ಬರು ಮಾತನಾಡುತ್ತಿದ್ದು ಕೇಳುವವರಿಲ್ಲದಂತೆ. ಇನ್ನಿಗೆ ಇನ್ನನ್ನು ಜೋಡಿಸಿದರೆ ಇಬ್ಬರೂ ಕೇಳುತ್ತ ಕುಳಿತಂತೆ.

ಕಾಗದದ ನಡುವೆ ಟೀವಿಯನ್ನು ಒಂದು ಚೌಕವಾಗಿ ಬರೆದು, ಸುತ್ತ ಯಂತ್ರಗಳನ್ನು ಬರೆದು, ಬಾಣಗಳಿಂದ ಸೇರಿಸಿ. ಪ್ರತಿ ಬಾಣದ ಮೇಲೆ ತಂತಿಯ ಹೆಸರನ್ನು ಬರೆಯಿರಿ. ಯಾವ ತಂತಿಯನ್ನು ಕೊಳ್ಳಬೇಕು, ಯಾವುದು ಮನೆಯಲ್ಲೇ ಇದೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ರೂಪದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದುದು. ಹಳದಿ, ಬಿಳಿ, ಕೆಂಪು ಎಂಬ ಮೂರು ಪಿನ್ನುಗಳ ತಂತಿಯಲ್ಲಿ ಹಳದಿಯದು ಚಿತ್ರ, ಬಿಳಿಯದು ಎಡದ ಧ್ವನಿ, ಕೆಂಪಿನದು ಬಲದ ಧ್ವನಿ. ಬೆಳಕು ಬಣ್ಣಗಳೆಲ್ಲ ಒಂದೇ ಹಳದಿ ತಂತಿಯಲ್ಲಿ ಬೆರೆತು ಹೋಗುವುದರಿಂದ ಚಿತ್ರ ಮಂಕು. ಹಸಿರು, ನೀಲಿ, ಕೆಂಪು ಎಂಬ ಇನ್ನೊಂದು ಮೂವರ ತಂಡವಿದೆ. ಅದರಲ್ಲಿ ಮೂರೂ ಚಿತ್ರಕ್ಕೇ ಮೀಸಲು, ಧ್ವನಿಗೆ ಬೇರೆ ಎರಡು ತಂತಿ ಬೇಕು. ಎರಡು ತಂಡಗಳಲ್ಲಿಯೂ ಕೆಂಪು ಇರುವುದೇ ಗೊಂದಲಕ್ಕೆ ಮೂಲ. ಎಚ್.ಡಿ.ಎಂ.ಐ. ತಂತಿಯಲ್ಲಾದರೋ ೧೯ ಪಿನ್ನುಗಳಿದ್ದು, ಚಿತ್ರ ಧ್ವನಿಗಳಲ್ಲದೆ ಎರಡು ಯಂತ್ರಗಳ ಪರಸ್ಪರ ಮಾತುಕತೆಯೂ ಅದರಲ್ಲೇ ನಡೆಯುತ್ತದೆ.

ಸುಲಭವಾದ ಎರಡು

ಸೆಟ್‌ಟಾಪ್ ಬಾಕ್ಸು, ಆಟದ ಯಂತ್ರ ಇವೆರಡಕ್ಕೂ ಎಚ್.ಡಿ.ಎಂ.ಐ. ಇರುವುದರಿಂದ ಒಂದೊಂದು ತಂತಿಯಿಂದ ಕೆಲಸ ಮುಗಿಯುತ್ತದೆ. ಇಲ್ಲಿ ಎರಡು ಮಾತು ಮಾತ್ರ ಹೇಳಬೇಕು. ದುಬಾರಿ ತಂತಿ ಹಾಕಿದರೆ ಚಿತ್ರ ಉತ್ತಮವಾಗುತ್ತದೆಂಬ ಮಾತನ್ನು ನಂಬಬೇಕಾಗಿಲ್ಲ. ಹೋಗುತ್ತಿರುವುದು ಅಂಕಿಗಳು, ಎರಡು ಮೀಟರಿನಷ್ಟು ದೂರದಲ್ಲಿ ಅವು ಸರಿಯಾಗಿ ತಲಪಿದರೆ ತಲಪಿದಂತೆ, ಅದಕ್ಕಿಂತ ಚೆನ್ನಾಗಿ ತಲಪುವುದೆಂಬುದಿಲ್ಲ. ಆದರೆ ೩೮೪೦×೨೧೬೦ ಬಿಂದುಗಳ ಚಿತ್ರವನ್ನು ಸೆಕೆಂಡಿಗೆ ೬೦ ಸಲ ಕಳಿಸುವ ಆಟದ ಯಂತ್ರಕ್ಕೆ ಅಷ್ಟು ವೇಗವನ್ನು ತಾಳುವ ದರ್ಜೆಯ ತಂತಿ ಬೇಕು. ಅದಿಲ್ಲದಿದ್ದರೆ ಪರದೆ ಆಗಾಗ ಕಪ್ಪಾಗುತ್ತದೆ. ಕೊಳ್ಳುವಾಗ ನೋಡಬೇಕಾದುದು ದರ್ಜೆಯನ್ನು, ಚಿನ್ನದ ಲೇಪವನ್ನಲ್ಲ.

ಎರಡನೆಯದು, ಎಚ್.ಡಿ.ಎಂ.ಐ. ಯಂತ್ರಗಳು ಚಿತ್ರ ಕಳಿಸುವ ಮೊದಲು ಒಂದನ್ನೊಂದು ವಿಚಾರಿಸಿಕೊಳ್ಳುತ್ತವೆ. ನಿನ್ನ ಅಳತೆ ಏನು, ಯಾವ ಧ್ವನಿ ಬಲ್ಲೆ ಎಂದು ಮೂಲಯಂತ್ರ ಕೇಳುತ್ತದೆ. ನಕಲು ತಡೆಯುವ ಎಚ್.ಡಿ.ಸಿ.ಪಿ. ಎಂಬ ಬೀಗದ ಕೀಲಿಯನ್ನೂ ಪರೀಕ್ಷಿಸುತ್ತದೆ. ಈ ಮಾತುಕತೆ ಕೆಟ್ಟರೆ ತಂತಿ ಸರಿಯಿದ್ದರೂ ಚಿತ್ರವಿಲ್ಲ. ಆಗ ಎರಡನ್ನೂ ಆರಿಸಿ, ತಂತಿಯನ್ನು ತೆಗೆದು ಹಾಕಿ, ಮೊದಲು ಟೀವಿಯನ್ನೂ ಆಮೇಲೆ ಯಂತ್ರವನ್ನೂ ಹೊತ್ತಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ.

ಕಠಿನವಾದ ಎರಡು

ನಮ್ಮ ಡಿ.ವಿ.ಡಿ. ಪ್ಲೇಯರಿಗೂ ವಿ.ಸಿ.ಆರ್.ಗೂ ಇರುವುದು ಹಳದಿ-ಬಿಳಿ-ಕೆಂಪು. ಟೀವಿಯಲ್ಲಿ ಅವಕ್ಕಿರುವ ಬಾಗಿಲು ಒಂದೇ, ಆ ಸಣ್ಣ ದುಂಡು ತೂತು. ಅದಕ್ಕೆ ಹಾಕುವ ಚಿಕ್ಕ ತಂತಿಯ ತುದಿಯಲ್ಲಿ ಬುಡದವರೆಗೆ ನಾಲ್ಕು ಲೋಹದ ಪಟ್ಟಿಗಳಿರುತ್ತವೆ. ಯಾವ ಪಟ್ಟಿಯಲ್ಲಿ ಚಿತ್ರ, ಯಾವುದರಲ್ಲಿ ಧ್ವನಿ, ಯಾವುದರಲ್ಲಿ ಭೂಸಂಪರ್ಕ ಎಂಬುದರಲ್ಲಿ ತಯಾರಕರಿಗೆ ಒಮ್ಮತವಿಲ್ಲ. ನೋಡಲು ಒಂದೇ ತೆರನಾದ ಬೇರೆ ತಂತಿಯನ್ನು ಹಾಕಿದರೆ ಚಿತ್ರದ ಬದಲು ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬರುವುದುಂಟು. ಆದುದರಿಂದ ಟೀವಿಯ ಪೆಟ್ಟಿಗೆಯಲ್ಲಿ ಬಂದ ತಂತಿಯನ್ನೇ ಬಳಸಬೇಕು. ಪೆಟ್ಟಿಗೆಯನ್ನು ಎಸೆಯುವ ಮೊದಲು ಅದರ ಮೂಲೆಗಳನ್ನು ತಡಕಿ ನೋಡಬೇಕು. ಇನ್ನು ಕೆಲವು ಟೀವಿಗಳಲ್ಲಿ ಹಳದಿ ಪಿನ್ನನ್ನು ಹಸಿರು ಸಾಕೆಟ್ಟಿಗೆ ಹಾಕಬೇಕೆಂದಿರುತ್ತದೆ. ಆಗ ಟೀವಿಯ ಪಟ್ಟಿಯಲ್ಲಿ 'ಎ.ವಿ.' ಎಂಬುದನ್ನು ಆರಿಸಬೇಕು. 'ಕಾಂಪೊನೆಂಟ್' ಎಂಬುದನ್ನು ಆರಿಸಿದರೆ ಬಣ್ಣ ಹೋಗಿ ಕಪ್ಪುಬಿಳಿ ಚಿತ್ರ ಬರುತ್ತದೆ.

ಬಾಗಿಲು ಒಂದು, ಬರುವವರು ಇಬ್ಬರು, ಏನು ಮಾಡಬೇಕು? ವಿ.ಸಿ.ಆರ್.ಗೆ 'ಇನ್' ಸಾಕೆಟ್ಟುಗಳೂ ಇವೆಯಷ್ಟೆ, ಡಿ.ವಿ.ಡಿ.ಯನ್ನು ಅದರೊಳಗೆ ಹಾಯಿಸಿ ಟೀವಿಗೆ ತರಬಹುದೆಂದು ಯಾರಿಗಾದರೂ ತೋರುತ್ತದೆ. ಆದರೆ ಹಾಗೆ ಮಾಡಿದರೆ ಅನೇಕ ಚಲನಚಿತ್ರದ ಡಿಸ್ಕುಗಳಲ್ಲಿ ಚಿತ್ರ ಒಮ್ಮೆ ಬೆಳಗಿ ಒಮ್ಮೆ ಮಂಕಾಗುತ್ತ ಉಸಿರಾಡುವಂತೆ ಕಾಣುತ್ತದೆ. ಡಿಸ್ಕಿನಿಂದ ಟೇಪಿಗೆ ನಕಲಿಳಿಸುವುದನ್ನು ತಡೆಯಲು ಮ್ಯಾಕ್ರೋವಿಷನ್ ಎಂಬ ಉಪಾಯವನ್ನು ಅಳವಡಿಸಿರುವುದೇ ಇದಕ್ಕೆ ಕಾರಣ. ಚಿತ್ರದ ಪ್ರಕಾಶಕ್ಕೆ ತಕ್ಕಂತೆ ತನ್ನ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುವ ವಿ.ಸಿ.ಆರ್.ನ ಗುಣವನ್ನು ಅದು ಮೋಸಗೊಳಿಸುತ್ತದೆ. ನಾವು ನಕಲು ಮಾಡುತ್ತಿಲ್ಲ, ಬರಿದೆ ಹಾಯಿಸುತ್ತಿದ್ದೇವೆ ಎಂಬುದು ಯಂತ್ರಕ್ಕೆ ತಿಳಿಯದು. ಆದುದರಿಂದ ಡಿ.ವಿ.ಡಿ.ಯನ್ನು ವಿ.ಸಿ.ಆರ್. ಮೂಲಕ ತರಬಾರದು. ಮೂರು ಗುಂಪು ಸಾಕೆಟ್ಟುಗಳೂ ಮೂರು ಗುಂಡಿಗಳೂ ಇರುವ ಎ.ವಿ. ಸೆಲೆಕ್ಟರ್ ಎಂಬ ಸಣ್ಣ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ವಿದ್ಯುತ್ತೂ ಬೇಡ. ಎರಡನ್ನೂ ಅದಕ್ಕೆ ಕೊಟ್ಟು, ಅದರಿಂದ ಒಂದು ತಂತಿಯನ್ನು ಟೀವಿಗೆ ಕೊಟ್ಟೆವು. ಗುಂಡಿ ಒತ್ತಿದ ಯಂತ್ರ ಮಾತನಾಡುತ್ತದೆ, ಇನ್ನೊಂದು ಸುಮ್ಮನಿರುತ್ತದೆ.

ಟೀವಿಯಲ್ಲಿ ದುಂಡು ತೂತೂ ಇಲ್ಲದಿದ್ದರೆ ಪರಿವರ್ತಕ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ನಮ್ಮ ಪೇಟೆಯ ಅಂಗಡಿಯವರೆಗೆ ಇದು ಎಲ್ಲೆಲ್ಲಿಯೂ ಸಿಗುತ್ತದೆ. ಆದರೆ ಎರಡು ಜಾತಿಯವು, ನೋಡಲು ಅವಳಿಜವಳಿ. ಒಂದು ಎ.ವಿ.ಯನ್ನು ಎಚ್.ಡಿ.ಎಂ.ಐ. ಮಾಡುವುದು, ಇನ್ನೊಂದು ಎಚ್.ಡಿ.ಎಂ.ಐ.ಯನ್ನು ಎ.ವಿ. ಮಾಡುವುದು. ಹಳೆಯ ಯಂತ್ರ, ಹೊಸ ಟೀವಿ ಇರುವವರಿಗೆ ಬೇಕಾದುದು ಮೊದಲನೆಯದು. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ. ತಿರುಗಿಸಿ ಹಾಕಿದರೂ ಆಗುವುದಿಲ್ಲ. ಅದಕ್ಕೆ ತನ್ನದೇ ವಿದ್ಯುತ್ ಸರಬರಾಜು ಬೇಕೆಂಬುದನ್ನೂ ಮರೆಯಬಾರದು.

ಪರಿವರ್ತಕವೆಂದರೆ ಒಬ್ಬ ಭಾಷಾಂತರಕಾರ. ಒಳ್ಳೆಯ ಭಾಷಾಂತರಕಾರನು ಮೂಲದಲ್ಲಿದ್ದುದನ್ನು ತರುತ್ತಾನೆ, ಇಲ್ಲದುದನ್ನು ಸೇರಿಸುವುದಿಲ್ಲ. ಡಿ.ವಿ.ಡಿ.ಯ ಚಿತ್ರ ನಮ್ಮ ದೇಶದ ಪದ್ಧತಿಯಂತೆ ೭೨೦×೫೭೬ ಬಿಂದುಗಳದು, ವಿ.ಎಚ್.ಎಸ್. ಟೇಪಿನದು ಅದಕ್ಕಿಂತ ಬಹಳ ಕಡಿಮೆ. ಹೊಸ ಪರದೆಯಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಬಿಂದುಗಳಿದ್ದರೂ ಟೇಪಿನಲ್ಲಿ ದಾಖಲಾಗದ ವಿವರವನ್ನು ಅದು ಎಲ್ಲಿಂದ ತರಬೇಕು? ಹಳೆಯ ಟೇಪು ಹೊಸ ಟೀವಿಯಲ್ಲಿ ಮಸುಕಾಗಿ ಕಂಡರೆ ಜೋಡಣೆ ತಪ್ಪೆಂದು ಭಾವಿಸಬಾರದು.

ಆಕಾರವನ್ನು ಮಾತ್ರ ನಾವು ಸರಿಪಡಿಸಬಹುದು. ಹಳೆಯ ಚಿತ್ರದ ಅಗಲ-ಎತ್ತರಗಳ ಪ್ರಮಾಣ ೪:೩, ಹೊಸ ಪರದೆಯದು ೧೬:೯. ಪರದೆ ತುಂಬಲೆಂದು ಎಳೆದರೆ ಎಲ್ಲರೂ ಮೂರನೆಯ ಒಂದು ಪಾಲು ದಪ್ಪಗಾಗುತ್ತಾರೆ. ಕಡ್ಡಿಯಂತಿದ್ದ ನಮ್ಮ ಅಜ್ಜ ಮೊದಲು ಪರದೆಯ ಮೇಲೆ ಒಬ್ಬ ಸಾಹುಕಾರರಂತೆ ಕಂಡರು. "ಇವರು ಯಾರೋ ಬೇರೆ" ಎಂದು ಅಜ್ಜಿ ಹೇಳಿದರು. ಚಿತ್ರದ ಆಕಾರವನ್ನು ೪:೩ ಮಾಡಿದೊಡನೆ ಇಕ್ಕೆಲಗಳಲ್ಲಿ ಕಪ್ಪು ಪಟ್ಟಿ ಬಂದು ಅಜ್ಜ ಅಜ್ಜನಾದರು.

ಧ್ವನಿಯ ದಾರಿ

ಹಳೆಯ ಆಂಪ್ಲಿಫಯರಿಗೆ ಇರುವುದು ಬಿಳಿ-ಕೆಂಪು ಸಾಕೆಟ್ಟುಗಳು. ವಿ.ಸಿ.ಆರ್.ನ ಧ್ವನಿಯನ್ನು ನೇರವಾಗಿ ಅದಕ್ಕೆ ಕೊಡಬಹುದಲ್ಲವೆ ಎಂದರೆ, ಕೊಡಬಹುದು. ಆದರೆ ತುಟಿಗೂ ಮಾತಿಗೂ ಹೊಂದಾಣಿಕೆ ತಪ್ಪುತ್ತದೆ. ನಮ್ಮ ಪದ್ಧತಿಯಲ್ಲಿ ಸೆಕೆಂಡಿಗೆ ೨೫ ಚಿತ್ರಗಳು, ಅಂದರೆ ಒಂದು ಚಿತ್ರಕ್ಕೆ ೪೦ ಮಿಲಿಸೆಕೆಂಡು. ಹೊಸ ಟೀವಿ ಚಿತ್ರಗಳನ್ನು ಹಿಡಿದಿಟ್ಟು, ತಿದ್ದಿ, ಹಿಗ್ಗಿಸಿ ತೋರಿಸುತ್ತದೆ. ಮೂರು ಚಿತ್ರಗಳಷ್ಟು ತಡವಾದರೂ ೧೨೦ ಮಿಲಿಸೆಕೆಂಡಾಯಿತು. ಮಾತು ಮೊದಲು ಬಂದು ತುಟಿ ಆಮೇಲೆ ಅಲುಗುತ್ತದೆ. ಕಿವಿ ಮಂದವಾದವರು ಅರ್ಧ ಮಾತನ್ನು ತುಟಿ ನೋಡಿಯೇ ತಿಳಿಯುವುದರಿಂದ ಅವರಿಗೆ ಇದು ದೊಡ್ಡ ತೊಂದರೆ. ಆದುದರಿಂದ ಎಲ್ಲ ಯಂತ್ರಗಳ ಧ್ವನಿಯೂ ಮೊದಲು ಟೀವಿಗೆ ಬರಲಿ, ಟೀವಿಯಿಂದ ಒಂದೇ ದಾರಿಯಾಗಿ ಆಂಪ್ಲಿಫಯರಿಗೆ ಹೋಗಲಿ ಎಂಬುದು ಉತ್ತಮ ಕ್ರಮ. ಚಿತ್ರದ ತಡಕ್ಕೆ ಧ್ವನಿಯನ್ನು ಹೊಂದಿಸುವ ಕೆಲಸವನ್ನು ಟೀವಿಯೇ ನೋಡಿಕೊಳ್ಳುತ್ತದೆ. ತಮ್ಮನ ಆಟಕ್ಕೆ ಈ ತಡವೇ ಶತ್ರು. ಅದಕ್ಕಾಗಿ ಟೀವಿಯಲ್ಲಿ 'ಗೇಮ್ ಮೋಡ್' ಎಂಬುದಿದ್ದು, ತಿದ್ದುವ ಕೆಲಸವನ್ನು ಕಡಿಮೆ ಮಾಡಿ ಚಿತ್ರವನ್ನು ಬೇಗ ತೋರಿಸುತ್ತದೆ.

ಟೀವಿಯಿಂದ ಧ್ವನಿ ಹೊರಡಲು ಮೂರು ದಾರಿಗಳುಂಟು. ಕಿವಿಯ ಫೋನಿನ ತೂತು ಎಲ್ಲಕ್ಕಿಂತ ಸರಳ. ಅಲ್ಲಿಂದ ಬಿಳಿ-ಕೆಂಪಿಗೆ ಹೋಗುವ ತಂತಿ ಸಾಕು. ಆಪ್ಟಿಕಲ್ ದಾರಿಯಲ್ಲಿ ಧ್ವನಿ ಕೆಂಪು ಬೆಳಕಾಗಿ ಪ್ಲಾಸ್ಟಿಕ್ಕಿನ ಎಳೆಯೊಳಗೆ ಹೋಗುತ್ತದೆ. ಲೋಹದ ಸಂಬಂಧವೇ ಇಲ್ಲದುದರಿಂದ ಗುಂಯ್‌ಗುಟ್ಟುವ ಸದ್ದು ಇರುವುದಿಲ್ಲ. ಆದರೆ ಅದನ್ನು ಬಿಳಿ-ಕೆಂಪಿಗೆ ತಿರುಗಿಸುವ ಒಂದು ಡಬ್ಬಿ ಬೇಕು, ಟೀವಿಯ ಧ್ವನಿಪಟ್ಟಿಯಲ್ಲಿ 'ಪಿ.ಸಿ.ಎಂ.' ಎಂಬುದನ್ನು ಆರಿಸಬೇಕು. 'ಡಾಲ್ಬಿ' ಎಂದು ಬಿಟ್ಟರೆ ಅಗ್ಗದ ಡಬ್ಬಿಗಳು ಅರ್ಥವಾಗದೆ ಮೌನ ತಾಳುತ್ತವೆ, ಇಲ್ಲವೆ ಕರಕರ ಎನ್ನುತ್ತವೆ. ಮೂರನೆಯದು ಎ.ಆರ್.ಸಿ. ಎಂದು ಬರೆದಿರುವ ಎಚ್.ಡಿ.ಎಂ.ಐ. ಸಾಕೆಟ್ಟು. ೨೦೦೯ರಲ್ಲಿ ಬಂದ ಈ ಏರ್ಪಾಡಿನಿಂದ ಧ್ವನಿ ಅದೇ ತಂತಿಯಲ್ಲಿ ಹಿಂದಕ್ಕೆ ಹರಿಯುತ್ತದೆ. ಸೌಂಡ್‌ಬಾರ್ ಇರುವವರಿಗೆ ಇದೇ ಅನುಕೂಲ, ಆದರೆ ಎ.ಆರ್.ಸಿ. ಎಂದು ಬರೆದ ಸಾಕೆಟ್ಟಿಗೇ ಹಾಕಬೇಕು, ಪಕ್ಕದ್ದಕ್ಕಲ್ಲ. ನಮ್ಮ ಆಂಪ್ಲಿಫಯರು ಹಳೆಯದಾದುದರಿಂದ ನಾವು ಆಪ್ಟಿಕಲ್ ದಾರಿಯನ್ನು ಹಿಡಿದೆವು.

ಹಳೆಯ ಆಂಪ್ಲಿಫಯರುಳ್ಳವರು ಗಮನಿಸಬೇಕಾದ ಇನ್ನೊಂದು ಸಂಗತಿ. ಅದರ ಬೆನ್ನಿನಲ್ಲಿ 'ಫೋನೋ', 'ಟೇಪ್', 'ಆಕ್ಸ್' ಎಂದು ಹಲವು ಜೋಡಿ ಸಾಕೆಟ್ಟುಗಳಿರುತ್ತವೆ. ಗ್ರಾಮಫೋನ್ ತಟ್ಟೆಯ ಸೂಜಿಯಿಂದ ಬರುವ ಅತಿ ಸಣ್ಣ ಸಂಕೇತವನ್ನು ಹಲವು ಪಟ್ಟು ಹಿಗ್ಗಿಸುವುದು ಫೋನೋದ ಕೆಲಸ. ಟೀವಿಯ ಧ್ವನಿಯನ್ನು ಅದಕ್ಕೆ ಕೊಟ್ಟರೆ ಒಡೆದ ತಮಟೆಯಂತೆ ಕೇಳುತ್ತದೆ. 'ಆಕ್ಸ್' ಅಥವಾ 'ಟೇಪ್' ಎಂಬುದರ 'ಇನ್' ಸಾಕೆಟ್ಟಿಗೇ ಕೊಡಬೇಕು.

ಎಚ್ಚರಿಕೆಗಳು

ಜೋಡಿಸುವಾಗ ಎಲ್ಲ ಯಂತ್ರಗಳ ಪ್ಲಗ್ಗುಗಳನ್ನೂ ಗೋಡೆಯಿಂದ ಕಿತ್ತಿರಬೇಕು. ಎರಡೇ ಪಿನ್ನಿನ ಪ್ಲಗ್ಗಿನ ಯಂತ್ರಗಳ ಲೋಹದ ಮೈ ಮುಟ್ಟಿದರೆ ಕೆಲವೊಮ್ಮೆ ಜುಂ ಎನ್ನುತ್ತದೆ. ಬೀದಿಯಿಂದ ಬರುವ ಕೇಬಲಿನಲ್ಲಿಯೂ ಹೀಗೆ ಹೊರಗಿನ ವಿದ್ಯುತ್ತು ಸೋರಿ ಬರುವುದುಂಟು. ಎಲ್ಲವನ್ನೂ ಭೂಸಂಪರ್ಕವಿರುವ ಮೂರು ಪಿನ್ನಿನ ಬೋರ್ಡಿಗೆ ಕೊಡುವುದು ಕ್ಷೇಮ. ಮಲೆನಾಡಿನ ಮುಂಗಾರಿನಲ್ಲಿ ಗುಡುಗು ಕೇಳಿದೊಡನೆ ಪ್ಲಗ್ಗನ್ನು ಕಿತ್ತರೆ ಸಾಲದು, ಕೇಬಲಿನ ತಂತಿಯನ್ನೂ ಬಿಚ್ಚಬೇಕು. ಒಂದಕ್ಕೊಂದು ಜೋಡಿಸಿದ ಯಂತ್ರಗಳಲ್ಲಿ ಒಂದಕ್ಕೆ ಬಂದ ಸಿಡಿಲು ತಂತಿ ಹಿಡಿದು ಉಳಿದವಕ್ಕೂ ಹೋಗುತ್ತದೆ. ಕೊನೆಯದಾಗಿ, ಪ್ರತಿ ತಂತಿಯ ಎರಡು ತುದಿಗಳಿಗೂ ಹೆಸರಿನ ಚೀಟಿ ಅಂಟಿಸಿ, ಮೊದಲು ಬರೆದ ಕಾಗದವನ್ನು ಟೀವಿಯ ಬೆನ್ನಿಗೆ ಅಂಟಿಸಿಡಬೇಕು. ನಾವು ಹಾಸ್ಟೆಲಿನಲ್ಲಿರುವಾಗ ಮನೆಯವರು ಯಾರನ್ನು ಕೇಳಬೇಕು?

ಟೇಪುಳ್ಳವರಿಗೆ ಒಂದು ಮಾತು

ಟೇಪನ್ನು ಯಂತ್ರಕ್ಕೆ ಹಾಕುವ ಮೊದಲು ಕಿಟಕಿಯಲ್ಲಿ ಇಣುಕಿ ನೋಡಬೇಕು. ತೇವದ ಊರುಗಳಲ್ಲಿ ಸುರುಳಿಯ ಅಂಚಿಗೆ ಬಿಳಿಯ ಬೂಷ್ಟು ಹಿಡಿದಿರುತ್ತದೆ. ಅಂಥದನ್ನು ಹಾಗೆಯೇ ಹಾಕಿದರೆ ಯಂತ್ರದ ತಲೆ ಕೆಡುತ್ತದೆ, ಮುಂದೆ ಹಾಕಿದ ಟೇಪಿಗೂ ಬೂಷ್ಟು ಹತ್ತುತ್ತದೆ. ಅದನ್ನು ತಿಳಿದವರಿಂದ ಶುಚಿಮಾಡಿಸಬೇಕು. ಅಮೆರಿಕದ ಬಂಧುಗಳು ಕಳಿಸಿದ ಟೇಪಾದರೆ ಅಲ್ಲಿಯ ಪದ್ಧತಿ ೫೨೫ ಗೆರೆಗಳದು, ನಮ್ಮದು ೬೨೫. ಎರಡನ್ನೂ ಬಲ್ಲ ವಿ.ಸಿ.ಆರ್. ಬೇಕು.

ನಮ್ಮ ಅಜ್ಜನ ಟೇಪಿನ ಅಂಚು ಶುಭ್ರವಾಗಿತ್ತು. ಅಂದು ಅವರು ಹೇಳಿದ್ದು ಕರ್ಣನ ಅರ್ಥ. ಅಜ್ಜಿ ಸ್ಪೀಕರಿನ ಹತ್ತಿರಕ್ಕೆ ಮಣೆ ಎಳೆದುಕೊಂಡು, ನಡುವೆ ಒಂದು ಮಾತನ್ನೂ ಆಡದೆ, ಭಾಗವತರ ಮಂಗಳದವರೆಗೂ ಕೇಳಿದರು. ಮುಗಿದ ಮೇಲೆ, "ಆ ದಿನ ಅವರಿಗೆ ಜ್ವರವಿತ್ತು, ಸ್ವರ ಕೇಳಿದರೆ ತಿಳಿಯುವುದಿಲ್ಲವೆ?" ಎಂದರು. ನಮಗೆ ಯಾರಿಗೂ ಅದು ತಿಳಿದಿರಲಿಲ್ಲ. ಮರುದಿನವೇ ಸೆಲೆಕ್ಟರಿನಿಂದ ಹೊರಡುವ ತಂತಿಯನ್ನು ಟೀವಿಯ ಬದಲು ಗಣಕಯಂತ್ರದ ಒಂದು ಕ್ಯಾಪ್ಚರ್ ಕಡ್ಡಿಗೆ ಜೋಡಿಸಿ ಕೂಟವನ್ನು ಆದ್ಯಂತವಾಗಿ ಅದಕ್ಕೆ ಇಳಿಸಿದೆವು. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಟ್ಟಿದ್ದೇವೆ.

ಜಗತ್ತಿನಲ್ಲಿ ವಿ.ಸಿ.ಆರ್.ಗಳನ್ನು ತಯಾರಿಸುತ್ತಿದ್ದ ಕೊನೆಯ ಸಂಸ್ಥೆಯಾದ ಜಪಾನಿನ ಫ್ಯೂನೈ ೨೦೧೬ರ ಜುಲೈ ತಿಂಗಳಲ್ಲಿ ಆ ಕೆಲಸವನ್ನು ನಿಲ್ಲಿಸಿತು. ಈಗ ಉಳಿದಿರುವುವು ಕೆಡುವವರೆಗೆ ಉಳಿಯುತ್ತವೆ, ಅಷ್ಟೆ. ನಮ್ಮ ಕಾಲೇಜಿಗೆ ಹಲವು ಊರುಗಳಿಂದ ಬರುವ ವಿದ್ಯಾರ್ಥಿಗಳಿದ್ದೇವೆ. ಮದುವೆ, ಜಾತ್ರೆ, ನಾಟಕ, ಹರಿಕಥೆ, ಬಯಲಾಟಗಳ ಟೇಪುಗಳು ಎಷ್ಟು ಮನೆಗಳ ಅಟ್ಟದ ಮೇಲೆ ಬಿದ್ದಿವೆಯೋ! ಇತಿಹಾಸದ ತರಗತಿಯಲ್ಲಿ ಆಧಾರಗಳ ಮಹತ್ತ್ವವನ್ನು ಗುರುಗಳು ನಮಗೆ ಬಗೆಬಗೆಯಾಗಿ ಬೋಧಿಸುತ್ತಾರೆ. ಈ ಬೇಸಿಗೆಯ ರಜೆಯಲ್ಲಿ ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಟೇಪನ್ನಾದರೂ ಹುಡುಕಿ, ಅಂಚು ನೋಡಿ, ಜೋಡಿಸಿ, ಪ್ರತಿ ಮಾಡಿಟ್ಟರೆ ಅದು ಚಿಕ್ಕ ಕೆಲಸವೇನೂ ಅಲ್ಲ. ತಂತಿಯ ವಿಷಯದಲ್ಲಿ ಯಾರಿಗಾದರೂ ಸಂಶಯ ಬಂದರೆ ಸಂಜೆಯ ಹೊತ್ತು ವಾಚನಾಲಯದ ಹತ್ತಿರ ನನ್ನನ್ನು ಕೇಳಬಹುದು; ಬರುವಾಗ ಯಂತ್ರದ ಬೆನ್ನಿನ ಚಿತ್ರವೊಂದನ್ನು ಬರೆದು ತನ್ನಿ.